ಕಣದೊಳಗೆ ಬಿದ್ದ ಕಂಬಳಿ

ರಾಮಸಮುದ್ರದ ಮಲ್ಕಪ್ಪನ ಮನೆಯಲ್ಲಿ ರಗಳೆ ಶುರುವಾದದ್ದು ಗೋಡೆಗೆ ಹಚ್ಚಿದ ಒಂದು ಇಷ್ತಿಹಾರಿನಿಂದ. ಯಾದಗಿರಿ ಸ್ಟೇಷನ್ನಿನಲ್ಲಿ, ಶಹಾಪುರದ ಬಸ್ಸು ನಿಲ್ಲುವ ಕಡೆ, ಸುರಪುರದ ಹಿಟ್ಟಿನ ಗಿರಣಿಯ ಬಾಗಿಲಿಗೆ, ಎಲ್ಲಿ ನೋಡಿದರೂ ಅದೇ ಕಾಗದ. ಅದರಲ್ಲಿ ಮಲ್ಕಪ್ಪನ ಒಬ್ಬನೇ ಮಗ ಸಾಬಣ್ಣ ಮೈಮೇಲೆ ಅಂಗಿಯಿಲ್ಲದೆ, ತೊಡೆ ಕಾಣುವ ಚಡ್ಡಿ ಹಾಕಿಕೊಂಡು, ಎರಡೂ ಮುಷ್ಟಿ ಎತ್ತಿ ನಿಂತಿದ್ದ. ಕೆಳಗೆ ಉರ್ದುವಿನಲ್ಲೂ ಕನ್ನಡದಲ್ಲೂ ‘ಹೈದರಾಬಾದಿನ ಹುಲಿ’ ಎಂದು ಬರೆದಿತ್ತು. ಪೊಲೀಸ್ ಆಕ್ಷನ್ ಆಗಿ ನಾಲ್ಕು ವರ್ಷವಾಗಿತ್ತು. ನಿಜಾಮನ ಆಳ್ವಿಕೆ ಹೋಯಿತು, ರಜಾಕಾರರು ಹೋದರು, ಇನ್ನು ಅವನ ಹಾಲಿ ಸಿಕ್ಕದ ರೂಪಾಯಿಯೂ ಹೋಗುತ್ತದಂತೆ ಎಂದು ಕಟ್ಟೆಯ ಮೇಲೆ ಮಾತಾಡುತ್ತಿದ್ದ ಊರಿನವರು ಈಗ ಅದರ ಜೊತೆಗೆ ಮಲ್ಕಪ್ಪನ ಮರ್ಯಾದೆಯನ್ನೂ ಸೇರಿಸಿಕೊಂಡರು.

ಊರಿಗೆ ನಗಲು ಕಾರಣವಿತ್ತು. ಸಾಬಣ್ಣ ಸಿಕಂದರಾಬಾದಿನಲ್ಲಿ ಫೌಜಿನ ದಫ್ತರದ ನೌಕರ ಎಂದು ಮನೆಯವರು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಫೌಜಿನ ಅಡುಗೆಮನೆಗೆ ಕೊಯ್ಯಲು ಕಳಿಸಿದ ಕುರಿಹಿಂಡಿನ ಸಂಗಡ ಅಲ್ಲಿಗೆ ಹೋದ, ಹಿಂಡು ಮುಗಿದ ಮೇಲೂ ಅಲ್ಲೇ ಉಳಿದ. ಬಾಕ್ಸಿಂಗ್ ಕಲಿಯುತ್ತಿದ್ದ ಸಿಪಾಯಿಗಳಿಗೆ, ಎಷ್ಟು ಗುದ್ದಿದರೂ ನಿಂತುಕೊಳ್ಳುವ ಒಬ್ಬ ಸಣಕಲು ಹುಡುಗ ಬೇಕಾಗಿದ್ದ. ಗುದ್ದಿಸಿಕೊಳ್ಳಲು ನಿಂತವನು ಗುದ್ದುವುದನ್ನೂ ಕಲಿತ. ಆಮೇಲೆ ನಿಜಾಮನ ಫೌಜು ಬರಖಾಸ್ತಾಯಿತು. ಕಲಿಸುತ್ತಿದ್ದ ಉಸ್ತಾದ್ ನಸೀರುದ್ದೀನನಿಗೂ ಕೆಲಸ ಹೋಯಿತು. ಗುರು ಶಿಷ್ಯ ಇಬ್ಬರೂ ಪುಣೆ, ಮದ್ರಾಸು, ಬೆಜವಾಡ ಎಂದು ಟಿಕೀಟು ಹಚ್ಚಿ ಆಡಿಸುವ ಕಡೆಯೆಲ್ಲ ತಿರುಗಿದರು. ಹಗುರ ತೂಕದವರ ಸಾಲಿನಲ್ಲಿ ಸಾಬಣ್ಣನಿಗೆ ಹೆಸರೂ ಬಂತು, ಮೂಗೂ ಸೊಟ್ಟಗಾಯಿತು. ರಂಗಂಪೇಟೆಯಲ್ಲಿ ಹೆಣ್ಣು ನೋಡಲು ಹೋದಾಗ ಆ ಮೂಗಿಗೆ ಕುದುರೆ ಒದೆಯಿತು ಎಂದು ಹೇಳಿದ್ದ.

ಈಗ ಯಾದಗಿರಿಯಲ್ಲೇ ಆಟ. ಎದುರಾಳಿ ಕೋಲಾರದ ಚಿನ್ನದ ಗಣಿಯ ಹುಡುಗ. ಗೆದ್ದವನಿಗೆ ಮದ್ರಾಸಿನಲ್ಲಿ ವರ್ಷದ ಕರಾರು ಎಂದು ಆಟ ಹಿಡಿದಿದ್ದ ರಾಯಚೂರಿನ ಸಾವಕಾರ ಭಾಗಣ್ಣ ಸಾರಿದ್ದ. ಸಾಬಣ್ಣನಿಗೆ ಮೂವತ್ತು ಹತ್ತಿರ ಬಂದಿತ್ತು. ಇದು ಹೋದರೆ ಇನ್ನೊಂದು ಬರುವುದಿಲ್ಲ ಎಂದು ಉಸ್ತಾದ್ ಮುಚ್ಚುಮರೆಯಿಲ್ಲದೆ ಹೇಳಿದ್ದ. ತಯಾರಿಗೆಂದು ಸಾಬಣ್ಣ ಊರಿಗೆ ಬಂದ, ಉಸ್ತಾದ್ ಯಾದಗಿರಿಯಲ್ಲಿ ಉಳಿದ. ಬಂದ ದಿನವೇ ಊಟದ ಹೊತ್ತಿಗೆ ಅಪ್ಪ ಮಾತು ತೆಗೆದ.

“ಅಂಗಿ ಹಾಕ್ಕೊಂಡ್ರ ಗುದ್ದಾಕ ಬರಂಗಿಲ್ಲೇನು?” ಮಲ್ಕಪ್ಪ ಮಗನ ಮುಖ ನೋಡಿ ಕೇಳಲಿಲ್ಲ, ತಾಟಿನಲ್ಲಿದ್ದ ರೊಟ್ಟಿಯನ್ನು ಕೇಳಿದ.

“ಅದು ರಿವಾಜು ಯಪ್ಪಾ.”

“ಯಾವೂರ ರಿವಾಜು? ಕುಸ್ತಿ ಹಿಡದಿದ್ರ ಪೈಲ್ವಾನ ಅಂತಿದ್ರು, ಮೀಸಿ ತಿರುವಿಕೊಂಡು ಓಡ್ಯಾಡ್ತಿದ್ದೆ. ಮಾರಿ ಮ್ಯಾಲ ಗುದ್ದಿಸ್ಕೊಂಡು ರೊಕ್ಕ ಇಸ್ಕೊಳ್ಳೋದು ನಮ್ಮ ಮನ್ಯಾಗ ಯಾರು ಮಾಡ್ಯಾರ?”

“ನಾನೂ ಗುದ್ದತೀನಿ. ಬರೇ ಗುದ್ದಿಸ್ಕೊಳ್ಳಂಗಿಲ್ಲ.”

“ನಿನ್ನ ಮೂಗು ಹಂಗ ಹೇಳವಲ್ದು.”

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ರೇಣಮ್ಮ ಗಂಡನ ಕಡೆ ತಿರುಗಿದಳು. “ಮೂಗಿಗೆ ಕುದುರಿ ಒದೀತು ಅಂದಿದ್ರಲ್ರಿ? ಆ ಕುದುರಿ ಹೆಸರೇನು?”

ಸಾಬಣ್ಣನ ಕಿವಿ ಕೆಂಪಾಯಿತು. ತಾಯಿ ಅಂಬವ್ವ ಮಾತು ತಿರುಗಿಸಲು ಇನ್ನೊಂದು ರೊಟ್ಟಿ, ಮೇಲೊಂದು ಹಿಡಿ ಪುಂಡಿಪಲ್ಯೆ ತಂದಳು. ಅವನು ತಾಟಿಗೆ ಕೈ ಅಡ್ಡ ಹಿಡಿದ.

“ಸಾಕು ಯವ್ವಾ. ತೂಕ ಏರ್ತದ.”

“ಮಂದಿ ಮಕ್ಕಳು ಮೈ ಹತ್ಲಿ ಅಂತ ಉಣ್ತಾರ. ನೀ ಏನಪ, ಬಸಿರಾಗದ ಹೆಣ್ಣಿನಂಗ ಒಪ್ಪೊತ್ತು ಹಿಡದಿ!” ಎಂದು ಅಂಬವ್ವ ರೊಟ್ಟಿಯನ್ನು ಬುಟ್ಟಿಗೆ ಎಸೆದಳು.

ತೂಕದ ಪಜೀತಿ ಮನೆಯೊಳಗೇ ಮುಗಿದಿದ್ದರೆ ಚೆನ್ನಾಗಿತ್ತು. ಮನುಷ್ಯರನ್ನು ತೂಗುವ ಯಂತ್ರ ಯಾದಗಿರಿಯಲ್ಲಿ ಆಗ ಯಾರ ಬಳಿಯೂ ಇರಲಿಲ್ಲ. ಉಣ್ಣೆ ಖರೀದಿ ಮಾಡುವ ಅಂಗಡಿಯಲ್ಲಿ ತೊಲೆಗೆ ತೂಗುಹಾಕಿದ ದೊಡ್ಡ ತಕ್ಕಡಿ ಇತ್ತು. ಸಾಬಣ್ಣ ವಾರಕ್ಕೊಮ್ಮೆ ಅದರ ಒಂದು ತಟ್ಟೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ, ಇನ್ನೊಂದರಲ್ಲಿ ಉಸ್ತಾದ್ ತೂಕದ ಕಲ್ಲು ಇಡುತ್ತಿದ್ದ. ಹಮಾಲರಿಗೆ ಒಳ್ಳೆ ಮಜ. “ಈ ಕುರಿದು ಉಣ್ಣಿ ಪೂರಾ ತೆಗದೀರಿ, ಬರೇ ಎಲುವು ಉಳದದ!” ಎಂದು ಕೂಗುತ್ತಿದ್ದರು. ಒಂದು ದಿನ ಮಲ್ಕಪ್ಪ ಉಣ್ಣೆಯ ಗಂಟು ಹೊತ್ತು ಅದೇ ಅಂಗಡಿಗೆ ಬಂದ. ಹೊಸ್ತಿಲಲ್ಲೇ ಮಗ ತಕ್ಕಡಿಯಲ್ಲಿ ಕೂತು ತೂಗಾಡುವುದನ್ನು ಕಂಡ. ಗಂಟನ್ನು ಇಳಿಸಲಿಲ್ಲ. ಹಾಗೇ ಹಿಂದಿರುಗಿ ರಾಮಸಮುದ್ರದವರೆಗೆ ಹೊತ್ತು ತಂದ.

“ಯಾಕ, ದರ ಇಲ್ಲೇನು?” ಅಂಬವ್ವ ಕೇಳಿದಳು.

“ದರ ಅದ. ನನ್ನ ಮಗನ್ನ ಮೊದಲು ತೂಗಿ ಮುಗಸ್ಲಿ ಅಂತ ಬಂದೆ.”

ಮಲ್ಕಪ್ಪ ಹೀಗೆ ಸಂಕೋಚಪಡುವುದಕ್ಕೆ ಅವನ ಸ್ಥಾನವೂ ಕಾರಣ. ಆ ಕಡೆಯ ಕುರಿಗಾರರಲ್ಲಿ ಇಬ್ಬರು ಹೊಡೆದಾಟಕ್ಕೆ ನಿಂತರೆ ಹಿರಿಯನೊಬ್ಬ ತನ್ನ ಹೆಗಲ ಕಂಬಳಿಯನ್ನು ಅವರ ನಡುವೆ ಎಸೆಯುತ್ತಾನೆ. ಕಂಬಳಿ ಬಿದ್ದ ಮೇಲೆ ಎತ್ತಿದ ಕೈ ಇಳಿಯಲೇಬೇಕು. ಇಬ್ಬರೂ ಅದರ ಮೇಲೆ ಕೂತು ಒಂದೇ ತಂಬಿಗೆಯ ನೀರು ಕುಡಿಯಬೇಕು. ಎಸೆದವನ ಮಾತು ಮುಂದೆ ನಡೆಯುವುದೂ ನಡೆಯದಿರುವುದೂ ಆ ಇಬ್ಬರು ಕೂರುವುದರ ಮೇಲೆ. ಇಪ್ಪತ್ತು ಊರಿನ ಹಟ್ಟಿಗಳಲ್ಲಿ ಮಲ್ಕಪ್ಪನ ಕಂಬಳಿಗೆ ಕೂರದವರು ಇರಲಿಲ್ಲ. ಆ ತಿಂಗಳೇ, ನೆರೆಮನೆಯ ಮೌನಪ್ಪ ಮತ್ತು ಅವನ ದಾಯಾದಿ ಬಾವಿಯ ಪಕ್ಕ ಕುರಿ ಕುಡಿಯುವ ಕಲ್ಲುದೋಣಿಯ ನೀರಿಗಾಗಿ ಬಡಿಗೆ ಎತ್ತಿದಾಗ ಅವನು ಕಂಬಳಿ ಎಸೆದ. ಇಬ್ಬರೂ ಬೈದುಕೊಳ್ಳುತ್ತಲೇ ಕೂತರು, ನೀರು ಕುಡಿದರು. ಸಾಬಣ್ಣ ದೂರ ನಿಂತು ನೋಡಿದ. ಅಪ್ಪನ ಬಗ್ಗೆ ಹೆಮ್ಮೆಯಾಯಿತು. ಅದನ್ನು ಹೇಳುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಆಟ ನೋಡಲು ಹೋಗುವುದಿಲ್ಲ ಎಂದೇ ಮಲ್ಕಪ್ಪ ಕೂತಿದ್ದ. ಅವನನ್ನು ಎಬ್ಬಿಸಿದವಳು ಸೊಸೆ. ಗಂಡನ ಕುದುರೆಯ ಸುಳ್ಳನ್ನು ಅವಳು ಎರಡು ವಾರ ಆಡಿಕೊಂಡು ನಕ್ಕು ಕೈಬಿಟ್ಟಿದ್ದಳು. ಬೆಳಿಗ್ಗೆ ಹೊಲದ ಬದುವಿನ ಮೇಲೆ ಅವನು ಬೆವರು ಇಳಿಸಿಕೊಂಡು ಓಡುವುದನ್ನು ನೋಡಿದ ಮೇಲೆ, ಅದು ಯಾವ ಕೂಲಿಗೂ ಕಡಿಮೆಯ ಕೆಲಸವಲ್ಲ ಎಂದು ಅವಳಿಗೆ ಅನಿಸಿತ್ತು.

“ಹೆಂಗಸ್ರಿಗೆ ಅಲ್ಲಿ ಜಾಗ ಇಲ್ಲಂತ ಮಾವ. ನೀವಾದ್ರೂ ಹೋಗಿ ನೋಡ್ರಿ. ನೋಡ್ಲಾರ್ದ ಬೈಯೋದು ಯಾವ ನ್ಯಾಯ?”

“ನೋಡಿದ ಮ್ಯಾಲ ಬೈಬಹುದೇನು?”

“ಬೈರಿ. ನಾನೂ ನಿಮ್ಮ ಜೋಡಿ ಬೈತೀನಿ.”

ಮಲ್ಕಪ್ಪ ನಕ್ಕುಬಿಟ್ಟ. ಮರುದಿನ ಮೌನಪ್ಪನನ್ನು ಜೊತೆಗೆ ಕರೆದುಕೊಂಡು, ಹೆಗಲಿಗೆ ಕಂಬಳಿ ಹಾಕಿಕೊಂಡು ಯಾದಗಿರಿಗೆ ಹೊರಟ. ಮಗನಿಗೆ ಹೇಳಲಿಲ್ಲ.

ಹತ್ತಿ ಗಿರಣಿಯ ಅಂಗಳದಲ್ಲಿ ಹಲಗೆ ಜೋಡಿಸಿ, ನಾಲ್ಕೂ ಕಡೆ ಹಗ್ಗ ಬಿಗಿದು ಕಣ ಮಾಡಿದ್ದರು. ಸುತ್ತ ಮೂರು ತಾಲೂಕಿನ ಮಂದಿ. ಅಪ್ಪನಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಮೊದಲ ಸುತ್ತುಗಳಲ್ಲಿ ಹಗ್ಗಕ್ಕೆ ಬೆನ್ನು ಕೊಟ್ಟು ಹೊಡೆಸಿಕೊಳ್ಳುವುದು, ಎದುರಾಳಿಯ ತೋಳು ಸೋತ ಮೇಲೆ ಮುಂದೆ ನುಗ್ಗುವುದು, ಇದೇ ಸಾಬಣ್ಣನ ಆಟ. ಅವನ ಹತ್ತು ವರ್ಷದ ಗೆಲುವೆಲ್ಲ ಹಾಗೇ ಬಂದದ್ದು. ಮಲ್ಕಪ್ಪನಿಗೆ ಕಂಡದ್ದು ಬೇರೆ. ಮಗ ಹಗ್ಗಕ್ಕೆ ಒರಗಿದ್ದಾನೆ, ಕೈ ಮುಖಕ್ಕೆ ಮುಚ್ಚಿಕೊಂಡಿದ್ದಾನೆ, ಇನ್ನೊಬ್ಬ ಹೊಡೆಯುತ್ತಲೇ ಇದ್ದಾನೆ, ಸಾವಿರ ಮಂದಿ ಸೀಟಿ ಹೊಡೆಯುತ್ತಿದ್ದಾರೆ, ಬಿಡಿಸುವವರು ಒಬ್ಬರೂ ಇಲ್ಲ. ನಾಲ್ಕನೆಯ ಸುತ್ತಿನಲ್ಲಿ ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು.

“ಏ ಮಲ್ಕಪ್ಪ, ಕುಂದ್ರು, ಅದು ಆಟ” ಎಂದು ಮೌನಪ್ಪ ಧೋತರದ ಚುಂಗು ಹಿಡಿದ. ಚುಂಗು ಕೈಯಿಂದ ಜಾರಿತು. ನೀರು ಕೊಡಲು ಹೋಗುವ ಮುದುಕ ಇರಬೇಕೆಂದು ಮಂದಿ ದಾರಿ ಬಿಟ್ಟರು. ಮಲ್ಕಪ್ಪ ಹಗ್ಗದ ಹತ್ತಿರ ನಿಂತು, “ಸಾಕು!” ಎಂದು ಕೂಗಿ ಕಂಬಳಿಯನ್ನು ಎಸೆದ. ಅದು ಇಬ್ಬರ ಕಾಲಿನ ನಡುವೆ ಬಿಚ್ಚಿಕೊಂಡು ಬಿತ್ತು.

ಆಟದ ನ್ಯಾಯ ನೋಡುತ್ತಿದ್ದ ರೈಲ್ವೆ ಸಾಹೇಬ ಸೀಟಿ ಊದಿ ಆಟ ನಿಲ್ಲಿಸಿದ. ಆಟಗಾರನ ಕಡೆಯವರು ಕಣದೊಳಗೆ ಬಟ್ಟೆ ಎಸೆದರೆ ಸೋಲು ಒಪ್ಪಿದ ಹಾಗೆ ಎಂಬುದು ಅವರ ಕಾನೂನು. ಮಂದಿ ಹೊಟ್ಟೆ ಹಿಡಿದು ನಕ್ಕರು. ಮಲ್ಕಪ್ಪ ಮಾತ್ರ ಕಾಯುತ್ತ ನಿಂತಿದ್ದ, ಇಬ್ಬರೂ ಬಂದು ಕಂಬಳಿಯ ಮೇಲೆ ಕೂರಲಿ ಎಂದು.

“ನಾ ಎಸದಿಲ್ಲ! ಇವ ಯಾವನೋ ದೀವಾನಾ, ಹುಚ್ಚ!” ಎಂದು ನಸೀರುದ್ದೀನ ಚೀರಿದ. ಸಾವಕಾರ ಭಾಗಣ್ಣ ಹಗ್ಗ ದಾಟಿ ಒಳಗೆ ಬಂದ.

“ಸಾಬಣ್ಣಾ, ಖರೇ ಹೇಳು. ಈ ಮುದುಕ ನಿನ್ನ ಕಡಿಯವ ಆದ್ರ ನೀ ಸೋತಿ. ಹೊರಗಿನವ ಆದ್ರ ಇವತ್ತಿನ ಆಟ ರದ್ದು, ಇನ್ನೊಮ್ಮಿ ಆಡಸ್ತೀನಿ. ಯಾರಿವ?”

ಸಾಬಣ್ಣ ಕಣ್ಣಿನ ರಕ್ತ ಒರೆಸಿಕೊಂಡು ನೋಡಿದ. ಅಪ್ಪ ಮೂರು ಮಾರು ದೂರದಲ್ಲಿದ್ದ.

“ಯಾರೋ ನಂಗ ಗೊತ್ತಿಲ್ರಿ.”

ಭಾಗಣ್ಣ ಮುದುಕನ ಕಡೆ ತಿರುಗಿದ. “ಏ, ಯಾರು ನೀ?”

ಮಲ್ಕಪ್ಪನಿಗೆ ಕಾನೂನು ತಿಳಿಯಲಿಲ್ಲ, ಮಗನ ಮಾತು ತಿಳಿಯಿತು. ಹೆಗಲ ಮೇಲೆ ಇಲ್ಲದ ಕಂಬಳಿಯನ್ನು ಸರಿಮಾಡಿಕೊಳ್ಳಲು ಕೈ ಹೋಯಿತು. “ಕುರಿ ಕಾಯಾವ್ರಿ. ಕುಡದು ಬಂದಿದ್ದೆ. ತಪ್ಪಾತ್ರಿ” ಎಂದ. ಜನ್ಮದಲ್ಲಿ ಹೆಂಡ ಮುಟ್ಟದವನು. ಇಬ್ಬರು ಆಳುಗಳು ಅವನ ರಟ್ಟೆ ಹಿಡಿದು ಗೇಟಿನ ಹೊರಗೆ ಬಿಟ್ಟರು. ರಾಮಸಮುದ್ರದ ನಾಲ್ಕಾರು ಮಂದಿ ಅಲ್ಲಿದ್ದರು, ಯಾರೂ ಬಾಯಿ ಬಿಡಲಿಲ್ಲ, ನೆಲ ನೋಡಿಕೊಂಡು ಕೂತರು. ಕಂಬಳಿಯಿಂದ ಯಾರೋ ಹಲಗೆಯ ಮೇಲಿನ ರಕ್ತ ಒರೆಸಿ ಮೂಲೆಗೆ ಒಗೆದರು.

ಮನೆಗೆ ಬಂದ ಮಾವನನ್ನು ರೇಣಮ್ಮ ಬಾಗಿಲಲ್ಲೇ ಕೇಳಿದಳು. “ಹ್ಯಾಂಗ ಆಡಿದ್ರು ಮಾವ?”

“ಚಂದ ಆಡ್ತಾನ.”

“ಕಂಬಳಿ ಎಲ್ಲ್ರಿ?”

“ಸಂತ್ಯಾಗ ಬಿದ್ದೋತು.”

ಅವನು ಹೇಳದೆ ಉಳಿಸಿದ್ದನ್ನು ಮರುದಿನ ಮೌನಪ್ಪ ಅಂಬವ್ವನಿಗೆ ಹೇಳಿದ. ಸಾಬಣ್ಣ ಹುಬ್ಬಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಾಗ ತಾಯಿ ಬೀಸುಕಲ್ಲು ಬಿಟ್ಟು ಎದ್ದಳು.

“ಯಾರೋ ಗೊತ್ತಿಲ್ಲ ಅಂದೀ?”

“ಹಂಗ ಅಂದಿರ್ಲಿಲ್ಲ ಅಂದ್ರ ಹತ್ತು ವರ್ಷದ ದುಡಿಮಿ ಹೋಗ್ತಿತ್ತು ಯವ್ವಾ.”

“ಅಂದಿದ್ದಕ್ಕ ಅವನ ಅರವತ್ತು ವರ್ಷದ್ದು ಹೋತು.”

“ಅಲ್ಲಿ ಬಂದು ಕಂಬಳಿ ಒಗಿ ಅಂತ ಯಾರು ಹೇಳಿದ್ರು? ನಾ ಗೆಲ್ಲಾಕತ್ತಿದ್ದೆ! ಇನ್ನೆರಡು ಸುತ್ತಿಗೆ ಅವ ಬೀಳ್ತಿದ್ದ!”

“ಮಾರಿ ತುಂಬ ರಕ್ತ ಸುರಿಸ್ಕೊಂಡು ಗೆಲ್ಲಾಕತ್ತಿದ್ದಂತ! ಅದು ಗೆಲುವು ಅಂತ ಹೆತ್ತವರಿಗೆ ಹ್ಯಾಂಗ ತಿಳೀಬೇಕೋ?”

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ಮಲ್ಕಪ್ಪ ತಲೆ ಎತ್ತಲಿಲ್ಲ. “ಬಿಡಬೇ. ತಪ್ಪು ನಂದು. ಕರೀಲಾರದ ಕಡಿ ಹೋಗಿದ್ದೆ.”

ಬೈದಿದ್ದರೆ ಸಾಬಣ್ಣ ತಿರುಗಿ ಬೈಯುತ್ತಿದ್ದ. ಅಪ್ಪ ಬೈಯಲಿಲ್ಲ. ಅಂದಿನಿಂದ ಮಗ ಊಟಕ್ಕೆ ಕೂತರೆ ಕುರಿಗೆ ನೀರು ಕುಡಿಸುವ ನೆವ ಮಾಡಿ ಎದ್ದು ಹೋಗುತ್ತಿದ್ದ. ಮಗ ಹಿಂಬಾಗಿಲಿಗೆ ಬಂದರೆ ಮುಂಬಾಗಿಲಿಗೆ ಹೋಗುತ್ತಿದ್ದ. ಇದರಲ್ಲಿ ಸಿಟ್ಟಿಗಿಂತ ಸಂಕೋಚ ಹೆಚ್ಚಿತ್ತು, ಬೇರೆಯವರ ಮನೆಯಲ್ಲಿ ಉಳಿದುಕೊಂಡವರು ನಡೆದುಕೊಳ್ಳುವ ರೀತಿ. ಸಾಬಣ್ಣನಿಗೆ ನಾಚಿಕೆಯಿಂದ ಅನ್ನ ಇಳಿಯಲಿಲ್ಲ. ಆ ವಾರ ತೂಕ ಇಳಿಸಲು ಅವನು ಬೇರೇನೂ ಮಾಡಬೇಕಾಗಿ ಬರಲಿಲ್ಲ.

ಒಂದು ಸಂಜೆ ಮೌನಪ್ಪ ಏದುಸಿರು ಬಿಡುತ್ತ ಬಂದ. ವಡಗೇರಾ ಕಡೆಯವರ ಹಿಂಡು ಯಾರದೋ ತೊಗರಿಗೆ ಬಿದ್ದು ಬಡಿದಾಟ ಎದ್ದಿತ್ತು.

“ಲಗೂನ ಬಾ ಮಲ್ಕಪ್ಪ, ತಲಿ ಒಡೀತಾವ.”

“ನನ್ನ ಬಲ್ಲಿ ಕಂಬಳಿ ಇಲ್ಲ.”

“ನಂದು ತಗೋ.”

“ಕಂಬಳಿ ಸಿಗ್ತಾವ ಮೌನಪ್ಪ. ಕುಂದ್ರಾವ್ರು ಬೇಕಲ್ಲ. ನನ್ನ ಮಗನ ಕುಂದ್ರಲಿಲ್ಲ, ಅವ್ರ್ಯಾಕ ಕುಂದ್ರತಾರ?”

ಅವನು ಹೋಗಲಿಲ್ಲ. ಅಲ್ಲಿ ಒಬ್ಬನ ಕೈ ಮುರಿಯಿತು. ಆ ಸುದ್ದಿ ಬಂದ ದಿನ ರೇಣಮ್ಮ ಗಂಡನನ್ನು ದನದ ಕೊಟ್ಟಿಗೆಗೆ ಕರೆದು ನಿಲ್ಲಿಸಿದಳು.

“ನಾನ ಮಾವನ್ನ ಆಟಕ್ಕ ಕಳಿಸ್ದಾಕಿ. ಅದಕ್ಕ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ನಾಳಿ ಮದ್ರಾಸದಾಗ ಯಾರರೆ ನನ್ನ ತೋರ್ಸಿ ಕೇಳಿದ್ರ ಏನಂತೀರಿ?”

“ಹುಚ್ಚಿ ಹಂಗ ಮಾತಾಡಬ್ಯಾಡ.”

“ಏನಂತೀರಿ ಹೇಳ್ರಿ.”

 “ನನಗ ನಾಚಿಕಿ ಬಂದದ ರೇಣಿ” ಎಂದ. “ಅವತ್ತು ಅಪ್ಪನ ಸಲುವಾಗಿ ಬಂದಿತ್ತು. ಈಗ ನನ್ನ ಸಲುವಾಗಿ ಬಂದದ.”

“ಹಂಗಾದ್ರ ಗೆದ್ದ ಮ್ಯಾಲ ಸಾವಕಾರ ಕರಾರು ತರ್ತಾನಲ್ಲ, ಅದಕ್ಕ ಸಹಿ ಹಾಕೂಕಿಂತ ಮೊದಲು ಹೇಳ್ರಿ, ‘ಅವ ನಮ್ಮಪ್ಪ’ ಅಂತ.”

“ಹೇಳಿದ್ರ ಮೊದಲಿನ ಆಟ ಸೋತಂಗ. ಕರಾರು ಕೋಲಾರದವನಿಗೆ ಹೋಗ್ತದ.”

“ಹೋಗ್ಲಿ. ಕುರಿ ಅದಾವ, ಹೊಲ ಅದ.”

“ಹೇಳ್ತೀನಿ” ಎಂದು ಅವನು ಅವಳ ಕೈ ಮುಟ್ಟಿದ.

ಎರಡನೆಯ ಆಟದಲ್ಲಿ ಸಾಬಣ್ಣ ಗೆದ್ದ. ಆರನೆಯ ಸುತ್ತಿನಲ್ಲಿ ಕೋಲಾರದ ಹುಡುಗನ ತೋಳು ಕೆಳಗಿಳಿದವು. ಸಾಬಣ್ಣ ನುಗ್ಗಿ ಅವನನ್ನು ಮಲಗಿಸಿದ. ಉಸ್ತಾದ್ ಮಗುವಿನ ಹಾಗೆ ಅತ್ತ. ಮೊದಲು ಇಷ್ತಿಹಾರು ನೋಡಿ ನಕ್ಕವರೇ ಹಲಗೆ ಬಾರಿಸಿಕೊಂಡು ಬಂಡಿಯಲ್ಲಿ ಅವನನ್ನು ಊರಿಗೆ ತಂದರು. ಅಂಬವ್ವ ನೀರು ನಿವಾಳಿಸಿದಳು, ಬಾಯಿ ಬಿಗಿದುಕೊಂಡೇ. ಸಾಬಣ್ಣ ಮಂದಿಯ ತಲೆಗಳ ಮೇಲಿಂದ ಅಪ್ಪನನ್ನು ಹುಡುಕಿದ. ಮಲ್ಕಪ್ಪ ಬೆಳಿಗ್ಗೆಯೇ ಕುರಿ ಹೊಡೆದುಕೊಂಡು ಭೀಮಾ ದಂಡೆಗೆ ಹೋಗಿದ್ದ. ಗೆದ್ದ ದಿನವೇ ಇಷ್ಟು ಸೋತಂತೆ ಅನಿಸಿದ್ದು ಸಾಬಣ್ಣನಿಗೆ ಹಿಂದೆಂದೂ ಇಲ್ಲ.

ವಾರದೊಳಗೆ ಭಾಗಣ್ಣ ಉಸ್ತಾದನ ಜೊತೆ ಬಾಡಿಗೆ ಮೋಟಾರಿನಲ್ಲಿ ರಾಮಸಮುದ್ರಕ್ಕೆ ಬಂದ. ಸಾಬಣ್ಣ ರಾತ್ರಿಯಿಡೀ ಮಾತು ಜೋಡಿಸಿ ಇಟ್ಟುಕೊಂಡಿದ್ದ. ಸಾವಕಾರ ಅಂಗಳಕ್ಕೆ ಕಾಲಿಡುತ್ತಿದ್ದಂತೆ ಮಲ್ಕಪ್ಪ ಎಲ್ಲಿಂದಲೋ ತಂಬಿಗೆ ನೀರು ಹಿಡಿದು ಬಂದ, ಬಗ್ಗಿ ಅವನ ಕಾಲಿಗೆ ನೀರು ಹಾಕತೊಡಗಿದ. ಭಾಗಣ್ಣ ಅವನ ಮುಖವನ್ನೇ ನೋಡಿದ.

“ಅವತ್ತಿನ ಮುದುಕ ಅಲ್ಲೇನು ನೀ?”

ಸಾಬಣ್ಣ ಬಾಯಿ ತೆರೆದ. ಅಪ್ಪ ಅವನಿಗಿಂತ ಮೊದಲೇ ಮಾತಾಡಿದ.

“ಹೌದ್ರಿ. ಆಟ ಆದ ಮ್ಯಾಲ ಇವ್ರ ಕಾಲಿಗೆ ಬಿದ್ದು ತಪ್ಪಾತಂದೆ. ಪಾಪ, ಕುರಿ ಕಾಯಾಕ ಇಟ್ಕೊಂಡಾರ. ನಾ ಈ ಮನಿ ಆಳ್ರಿ.”

ರೇಣಮ್ಮ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಅಪ್ಪನೇ ಹೀಗೆ ಹೇಳಿದ ಮೇಲೆ ತಾನು ಬೇರೆ ಹೇಳಿದರೆ ಅವನನ್ನು ಸುಳ್ಳುಗಾರ ಮಾಡಿದ ಹಾಗಲ್ಲವೇ ಎಂದು ಸಾಬಣ್ಣ ತನಗೆ ತಾನೇ ಹೇಳಿಕೊಂಡ. ಒಳ್ಳೆಯ ನೆವ ಸಿಕ್ಕಿತ್ತು. ಚಾಪೆಯ ಮೇಲೆ ಕೂತು ಕರಾರಿಗೆ ಸಹಿ ಹಾಕಿದ.

ಊಟಕ್ಕೆ ಕೋಳಿ ಮಾಡಿದ್ದರು. ಅಂಬವ್ವ ಒಳಮನೆಯಿಂದ ಹೊರಗೆ ಬರಲೇ ಇಲ್ಲ. ರೇಣಮ್ಮ ಮೊದಲ ತಾಟು ತುಂಬಿದಳು, ಸಾವಕಾರನ ಮುಂದೆ ಇಡದೆ ಅದನ್ನು ಅಂಗಳ ದಾಟಿಸಿ ಕುರಿದೊಡ್ಡಿಯ ಹತ್ತಿರ ಕೂತಿದ್ದ ಮಾವನ ಮುಂದೆ ಇಟ್ಟು ಬಂದಳು.

“ಏನವ್ವಾ, ನಿಮ್ಮಲ್ಲಿ ಆಳಿಗೆ ಮೊದಲು ಬಡಸ್ತೀರಿ?” ಭಾಗಣ್ಣ ಕೇಳಿದ.

“ಹಿರೇರಿಗೆ ಮೊದಲು ಬಡಸ್ತೀವ್ರಿ.”

ಉಳಿದವರಿಗೂ ತಾಟು ಬಂದ ಮೇಲೆ ಭಾಗಣ್ಣ ನಗುತ್ತ ರೊಟ್ಟಿ ಮುರಿದ. “ನಂಗ ಅವತ್ತೇ ಗೊತ್ತಿತ್ತು ಬಿಡವ್ವಾ. ಆ ಗದ್ದ, ಈ ಗದ್ದ ಒಂದ ಅಚ್ಚು. ಏ ಸಾಬಣ್ಣಾ, ನೀ ‘ನಮ್ಮಪ್ಪ’ ಅಂದಿದ್ರೂ ನಾ ಇನ್ನೊಮ್ಮಿ ಆಡಸ್ತಿದ್ದೆ ಮಾರಾಯಾ. ಟಿಕೀಟು ಎರಡು ಸಲ ಮಾರೂದು ಯಾರು ಬಿಡ್ತಾರ? ಅಪ್ಪ ಕಂಬಳಿ ಒಗದ ಅಂತ ಸಾರಿದ್ರ ಇನ್ನೂ ಮಂದಿ ಬರ್ತಿತ್ತು.”

ನಸೀರುದ್ದೀನ ತಲೆ ತಗ್ಗಿಸಿದ. ಸಾಬಣ್ಣ ಬಾಯಿಗೆ ಒಯ್ದ ತುತ್ತನ್ನು ತಾಟಿನಲ್ಲೇ ಇಟ್ಟು ಎದ್ದ. ಎಂಜಲು ಕೈಯಲ್ಲೇ ಅಂಗಳ ದಾಟಿದ.

“ಯಪ್ಪಾ, ಒಳಗ ಬಾ. ನನ್ನ ಬಾಜೂಕ ಕುಂತು ಉಣ್ಣು.”

ಒಳಗಿನ ಮಾತೊಂದೂ ಮಲ್ಕಪ್ಪನ ಕಿವಿಗೆ ಬಿದ್ದಿರಲಿಲ್ಲ. ಅವನು ಗಾಬರಿಯಿಂದ ಎದ್ದು, ಪಡಸಾಲೆಗೆ ಕೇಳುವಂತೆ ದೊಡ್ಡ ದನಿಯಲ್ಲಿ ಹೇಳಿದ. “ಬ್ಯಾಡ್ರಿ ಧಣ್ಯಾರ. ನೀವು ಉಣ್ರಿ. ನಾವು ಆಳುಮಂದಿ, ಇಲ್ಲೇ ಉಣ್ತೀವ್ರಿ.”

“ಯಪ್ಪಾ...” ಸಾಬಣ್ಣ ಅವನ ಕೈ ಹಿಡಿದ.

ಮಲ್ಕಪ್ಪ ಕೈ ಬಿಡಿಸಿಕೊಂಡು, ಮಗನಿಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿದ. “ಸುಮ್ಮ ಒಳಗ ಹೋಗೋ ಹುಚ್ಚಾ. ಸಾವಕಾರ ನೋಡಾಕತ್ತಾನ.”